ಬೇಸ್ ಗಿಟಾರಿಗೆ ಎರಡು ತಂತಿ ಕಮ್ಮಿ

ನನ್ನ ಕೈಗುಣದ ಬಗ್ಗೆ ನನಗ ಯಾವತ್ತೂ ಸಂಶಯ ಇದ್ದಿಲ್ಲ. ನಾನು ದನದ ದವಾಖಾನಿ ಕಂಪೌಂಡರ್. ಮನಿ ಮುದ್ದೇಬಿಹಾಳದಾಗ, ನೌಕರಿ ಹಳ್ಳಿಯಾಗ. ಎತ್ತಿಗೆ ಮೂಗುದಾಣ ಹಾಕೋದು, ಎಮ್ಮಿ ಕೊಂಬು ಕೊಯ್ಯೋದು, ಹೋರಿ ಬೀಜ ಒತ್ತೋದು, ಎಲ್ಲಾ ಈ ಕೈಲೇ. ಅಷ್ಟು ದೊಡ್ಡ ಪ್ರಾಣಿನ ರಿಪೇರಿ ಮಾಡಾಂವಗ ಮನಿಯಾಗಿನ ಸಾಮಾನು ಯಾವ ಲೆಕ್ಕ! ಹಂಗಂತ ಒಮ್ಮೆ ಮಿಕ್ಸರ್ ಬಿಚ್ಚಿದೆ. ಅದು ಈಗ ಒಂದು ಕೈಲೆ ಮುಚ್ಚಳ ಒತ್ತಿ, ಇನ್ನೊಂದು ಕೈಲೆ ಗ್ವಾಡಿ ಹಿಡದ್ರ ಮಾತ್ರ ತಿರಗತೈತಿ. ಫ್ಯಾನ್ ಬಿಚ್ಚಿದೆ. ಅದು ಬ್ಯಾಸಗಿಯಾಗ ನಿಂದ್ರತೈತಿ, ಚಳಿಗಾಲದಾಗ ತಿರಗತೈತಿ. ನನ್ನ ಹೆಂಡ್ತಿ ನೀಲಾ, ನಿಮ್ಮ ಕೈ ಹತ್ತಿದ್ದು ಒಂದೂ ಮೊದಲಿನಂಗ ಉಳಿದಿಲ್ಲ ಅಂತಾಳ. ಇದನ್ನ ನಾ ಭಾಳ ವರ್ಷ ಹೊಗಳಿಕಿ ಅಂತ ತಿಳಕೊಂಡಿದ್ದೆ.

ನೀಲಾನ ದನಿ ದಪ್ಪ. ದಪ್ಪ ಅಂದ್ರ ಹೆಂಗಂತೀರಿ, ಮನಿಗೆ ಫೋನ್ ಬಂದ ಹೊಸದಾಗಿ ಆಕಿ ಎತ್ತಿ ಹಲೋ ಅಂದ್ರ ಆ ಕಡಿಯಾವ್ರು, "ನಮಸ್ಕಾರ್ರಿ ಸರ್, ನಮ್ಮ ಎಮ್ಮಿ ಹಾಲು ಬಿಡವಲ್ದು" ಅಂತ ಸುರು ಮಾಡತಿದ್ರು. ಆಕಿನೂ ಬ್ಯಾಸರ ಮಾಡ್ಕೊಳ್ಳದ, ಎಮ್ಮಿಗೆ ಏನು ಕುಡಸಬೇಕು, ಏನು ತಿನಸಬಾರದು ಅಂತ ಹೇಳಿ ಫೋನ್ ಇಡತಿದ್ಲು. ಎಮ್ಮಿ ಆರಾಮ ಆಗತಿದ್ವು. ಹೆಸರು ನನಗ ಬರತಿತ್ತು.

ಆದ್ರ ನಮ್ಮ ಓಣಿ ಗುಡಿಯ ಹೆಣ್ಮಕ್ಕಳ ಭಜನಿಯೊಳಗ ಈ ದನಿ ನಡೀಲಿಲ್ಲ. ಅಲ್ಲಿ ಮುಂದ ಕುಂತು ಹಾಡಾಕಿ ಸುಶೀಲಕ್ಕ. ಹಾರ್ಮೋನಿಯಂ ಪೇಟಿನೂ ಆಕೀದ, ಶ್ರುತಿನೂ ಆಕೀದ. ಆಕಿ ಬಾಯಿ ತೆಗದ್ರ ದನಿ ಸೀದಾ ಗುಡಿ ಕಳಸಕ್ಕ ಹೋಗಿ ಕುಂಡರತಿತ್ತು. ಉಳದಾವ್ರು ಹಿಂದ ಹಿಂದ ಹೆಂಗರ ಏರತಿದ್ರು, ನೀಲಾಗ ಅಲ್ಲಿತನಾ ಏರಾಕ ಆಗತಿದ್ದಿಲ್ಲ. ಒಂದಿನ ಆಕಿ ತನ್ನ ದನಿಯೊಳಗ ಹಾಡಿದಾಗ ಸುಶೀಲಕ್ಕ ಪೇಟಿ ನಿಲ್ಲಿಸಿ, ನೀಲವ್ವಾ, ನೀ ಸದ್ಯೇಕ ತಾಳ ಹಿಡಿಯವಾ, ದನಿ ಏರಸಾಕ ಬಂದ ಮ್ಯಾಲ ಹಾಡುವಂತಿ ಅಂದ್ಲಂತ. ಕೆಟ್ಟ ಮನಸಿನಿಂದ ಅಂದಿದ್ದಲ್ಲ. ಆದ್ರ ಅವತ್ತಿಂದ ನೀಲಾ ತಾಳ ಹಾಕ್ಕೋತ ಬರೇ ತುಟಿ ಅಲ್ಲಾಡಸತಿದ್ಲು. ಮನಿಯಾಗ ರೊಟ್ಟಿ ಬಡಿಯುವಾಗ ಒಬ್ಬಾಕಿನ ಹಾಡತಿದ್ಲು, ನಾ ಒಳಗ ಕಾಲಿಟ್ಟ ಕೂಡಲೇ ಸುಮ್ಮನಾಗತಿದ್ಲು.

ಒಂದು ವರ್ಷ ಸುಶೀಲಕ್ಕ ಮಗಳ ಬಾಣಂತನಕ್ಕ ಸೊಲ್ಲಾಪುರಕ್ಕ ಹೋದ್ಲು. ಪೇಟಿಗೆ ಬೀಗ ಹಾಕ್ಕೊಂಡ ಹೋದ್ಲು. ಶ್ರಾವಣದ ಕಡೀ ಸೋಮವಾರ ತಂಗಡಗಿಯೊಳಗ, ಕೃಷ್ಣಾ ಹೊಳಿ ದಂಡಿ ಗುಡಿಯಾಗ, ಸುತ್ತಲ ಊರಿನ ಹೆಣ್ಮಕ್ಕಳ ಮ್ಯಾಳ ಕೂಡತಾವು. ಒಂದೊಂದು ಮ್ಯಾಳದವ್ರು ಒಂದೊಂದು ಪದಾ ಹಾಡಬೇಕು. ಮುಂದ ಹಾಡಾಕಿನ ಇಲ್ಲದ ಮ್ಯಾಲ ನಾವು ಹೋಗೋದ ಬ್ಯಾಡ ಅಂತ ನಮ್ಮ ಓಣಿ ಹೆಣ್ಮಕ್ಕಳು ಠರಾವು ಮಾಡಿದ್ರು. ಅವತ್ತು ಊಟಕ್ಕ ಬಡಸುವಾಗ ನೀಲಾ ನನ್ನ ಮಾರಿ ನೋಡಲಾರದ ಅಂದ್ಲು:

"ನಾ ಹಾಡತೇನಿ ಅಂತ ಹೇಳಿ ಬಂದೇನ್ರಿ. ಹೇಳಿದ ಮ್ಯಾಲ ಕೈಕಾಲು ನಡಗಾಕತ್ತಾವು. ಈ ಸಲಾನೂ ಬಾಯಿ ಮುಚಗೊಂಡು ಕುಂತ್ರ ಮುಂದ ಎಂದೂ ತೆಗಿಯೂದಿಲ್ಲ ನಾ."

ನಾ ಆಗ ಚಲೋ ಆತು, ಹಾಡು ಅಂದು ರೊಟ್ಟಿ ಮುರದಿದ್ರ ಈ ಕತಿ ಅಲ್ಲೇ ಮುಗೀತಿತ್ತು. ಆದ್ರ ಕೈಗುಣ ಇದ್ದಾಂವ ಸುಮ್ಮನ ಕುಂಡರತಾನೇನು? ಹೆದರಬ್ಯಾಡ, ನಾ ನಿನ್ನ ಬಾಜೂಕ ಗಿಟಾರ್ ಹಿಡಕೊಂಡು ಕುಂಡರತೇನಿ ಅಂದೆ. ಗಿಟಾರಿನ ಬಗ್ಗೆ ನನಗ ಸಾಕಷ್ಟು ಅನುಭವ ಇತ್ತು. ಕಾಲೇಜಿನಾಗ ಗೆಳೆಯನ ಗಿಟಾರ್ ಹಿಡಕೊಂಡು ಫೋಟೋ ತೆಗಿಸಿಕೊಂಡಿದ್ದೆ.

ಸಿಂದಗಿಯಾಗ ಒಬ್ಬಾಂವ ಆರ್ಕೆಸ್ಟ್ರಾ ಮುಚ್ಚಿ ಸಾಮಾನು ಮಾರಾಕತ್ತಾನ ಅಂತ ಸುದ್ದಿ ಬಂತು. ರಜಾ ಹಾಕಿ ಹೋದೆ. ಆ ಮನಷ್ಯಾ ಒಂದು ಕೆಂಪು ಗಿಟಾರ್ ತೆಗೆದು ಒರಸಿ ಕೊಟ್ಟು, "ಇದು ಬೇಸ್ ಗಿಟಾರ್ ಐತ್ರಿ" ಅಂದ. ನಮ್ಮ ಕಡಿ ಬೇಸ್ ಅಂದ್ರ ಏನು? ಚಲೋ ಅಂತ. ಎತ್ತು ಬೇಸ್ ಐತಿ, ಅಳಿಯಾ ಬೇಸ್ ಅದಾನ, ಸಾರು ಬೇಸ್ ಆಗೇತಿ. ಬೇಸ್ ಇರೋದಕ್ಕೇ ಅಲ್ಲೇನಪಾ ಇಲ್ಲಿತನಾ ಬಂದಿದ್ದು ಅಂದೆ. ಆಮ್ಯಾಲ ಆಂವ ಸ್ವಲ್ಪ ಹಿಂದಮುಂದ ನೋಡಿ, ಇದು ಶಾರ್ಟ್ ಸ್ಕೇಲು, ಅದಕ್ಕ ಸೋವಿ ಅಂದ. ಶಾರ್ಟ್ ಆಗೇತಿ ಅಂತ ಬಾಯಿ ಬಿಟ್ಟು ಹೇಳಿದನಲ್ಲ, ಎಂಥಾ ಪ್ರಾಮಾಣಿಕ ಮನಷ್ಯಾ ಅಂತ ನನಗ ಗೌರವ ಬಂತು. ಶಾರ್ಟ್ ಇದ್ರ ಇರಲಿ, ಅದನ್ನ ತೆಗಿಯೋದು ನನಗ ಬಿಡು ಅಂದೆ. ಆಂವ ನನ್ನ ಕಡೆ ಒಂದು ನಮೂನಿ ನೋಡಿದ. ಒಂದು ಆಡಿನ ಬೆಲಿಗೆ ಗಿಟಾರೂ ಬಂತು, ಅದರ ಸಂಗಡ ಒಂದು ಸ್ಪೀಕರ್ ಡಬ್ಬಿನೂ ಬಂತು.

ಬಸವನ ಬಾಗೇವಾಡಿ ಸ್ಟ್ಯಾಂಡಿನಾಗ ಬಸ್ ಬದಲಿ ಮಾಡಬೇಕಿತ್ತು. ಗಿಟಾರನ್ನ ತೊಡಿ ಮ್ಯಾಲ ಮಲಗಿಸಿಕೊಂಡು ಕುಂತಿದ್ದೆ. ಬಾಜೂಕ ಶೇಂಗಾ ತಿನಕೋತ ಕುಂತಿದ್ದ ಒಬ್ಬ ಹಿರ್‍ಯಾ ಅದನ್ನ ಭಾಳ ಹೊತ್ತು ನೋಡಿ, ಕ್ಯಾಲೆಂಡರಿನಾಗಿನ ಗಿಟಾರಿಗೆ ಆರು ತಂತಿ ಇರ್ತಾವಲ್ಲ, ನಿಮ್ಮದಕ್ಕ ನಾಕ ಅದಾವು ಅಂದ. ಎಣಿಸಿದೆ. ನಾಕ! ಸಂತಿಯಾಗ ದನಾ ತಗೊಳ್ಳಾವ್ರಿಗೆ, ಮೊದಲ ಬಾಯಿ ತೆಗೆದು ಹಲ್ಲು ನೋಡ್ರಿ ಅಂತ ದಿನಾ ಉಪದೇಶ ಮಾಡಾಂವ ನಾನು. ಅಂಥಾ ನನಗ ಹಲ್ಲು ಉದುರಿದ್ದನ್ನ ಕಟ್ಟಿ ಕಳಿಸಿದ್ದ! ಮತ್ತ ಸಿಟ್ಟು ಇಳದ ಮ್ಯಾಲ ವಿಚಾರ ಮಾಡಿದೆ. ಎರಡು ತಂತಿ ಕಮ್ಮಿ ಇದ್ರ ಎರಡು ತಂತಿ ಹಾಕಿದ್ರ ಆತು.

ಹೀಗೆ ಸದರಿ ವಾದ್ಯದ ಜೀರ್ಣೋದ್ಧಾರ ಕಾರ್ಯವು ನಮ್ಮ ಪಡಸಾಲೆಯಲ್ಲಿ ವಿಧಿಪೂರ್ವಕ ಆರಂಭವಾಯಿತು.

ಮೊದಲ ಅದರ ತಲಿಗೆ ಬೈರಿಗಿಲೆ ಎರಡು ತೂತು ಹೊಡದೆ. ತಂತಿ ಬಿಗಿಯಾಕ ಕಿವಿ ಇದ್ದ ನಟ್ಟು-ಬೋಲ್ಟು ಕೂಡಿಸಿದೆ. ತಂತಿಗೆ ಎಲ್ಲಿ ಹೋಗೋದು? ನನ್ನ ಚೀಲದಾಗ ಕೊಂಬು ಕೊಯ್ಯೋ ತಂತಿ ಇತ್ತು. ಗಟ್ಟಿ ಮಾಲು, ಎಮ್ಮಿ ಕೊಂಬಿಗೇ ಸೋಲದ್ದು. ಅದನ್ನ ಎರಡು ತುಂಡು ಮಾಡಿ ಬಿಗದೆ. ಬಾರಿಸಿ ನೋಡೋಣಂತ ಬೆರಳು ಎಳದೆ. ಕೊಂಬಿಗೇ ಕರುಣಾ ತೋರಿಸಲಾರದ ತಂತಿ ನನ್ನ ಬೆರಳಿಗೆ ತೋರಿಸೀತೇನು? ಟಿಂಚರ್ ಹಚ್ಚಿ ಪಟ್ಟಿ ಕಟ್ಟಿಕೊಂಡೆ. ದೊಡ್ಡ ಕೆಲಸದಾಗ ರಕ್ತ ಬರೋದ ಅಂತ ನೀಲಾಗ ಹೇಳಿದೆ. ಆಕಿ ಪಡಸಾಲಿ ಒರಸಿದ್ಲು.

ಆಮ್ಯಾಲ ಶಾರ್ಟ್ ತೆಗಿಯೋದು. ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗ ಸಣ್ಣ ಸಣ್ಣ ವೈರು, ಒಂದು ವೈರ್ ಮಾತ್ರ ತಂತಿ ಕಟ್ಟೋ ತಗಡಿಗೆ ಹೋಗಿ ಹತ್ತಿತ್ತು. ಕರೆಂಟಿನ ವೈರ್ ತಗಡಿಗೆ ಹತ್ತಿದ್ರ ಅದಕ್ಕ ಶಾರ್ಟ್ ಅನ್ನೋದು, ಸಾಲಿ ಹುಡುಗೂರಿಗೂ ಗೊತ್ತೈತಿ. ಸಿಕ್ಕಿತು ಕಳ್ಳ ಅಂತ ಅದನ್ನ ಕತ್ತರಿಸಿ ಒಗದೆ. ಉಳದಿದ್ದಕ್ಕೆಲ್ಲಾ ಕರೀ ಟೇಪು ಸುತ್ತಿದೆ. ನೋಡಾಕ ಭಾಳ ಭದ್ರ ಕಾಣಸತಿತ್ತು.

ಆರು ತಂತಿ ಜಗ್ಗೋ ಜೋರಿಗೆ ಕೆಳಗಿನ ತಗಡು ಎದ್ದು ಬಂತು. ಬಡಿಗ್ಯಾರ ಅಂಟು ಹಚ್ಚಿದೆ. ಅಂಟು ಆರೋತನಾ ಒತ್ತಿ ಹಿಡಿಯಾಕ ಏನರ ಬೇಕಲ್ಲ? ಹೋರಿ ಬೀಜ ಒತ್ತೋ ದೊಡ್ಡ ಇಕ್ಕಳ ಮನಿಯಾಗ ಇತ್ತು. ಅದನ್ನ ಹಾಕಿ ಅಮುಕಿದೆ. ಅಷ್ಟೊತ್ತಿಗೆ ನೀಲಾ ಚಹಾ ತಂದಾಕಿ ಬಾಗಲದಾಗ ನಿಂತುಬಿಟ್ಲು.

"ಅದಕ್ಕೂ ಬೀಜ ಒತ್ತಿದ್ರೇನ್ರಿ?" ಅಂದ್ಲು. "ಅದರ ವಂಶ ಇಲ್ಲಿಗೆ ಮುಗೀತು ಬಿಡ್ರಿ."

ಹಾಸ್ಯ ಮಾಡಾವ್ರು ಮಾಡಲಿ. ಮರುದಿನ ಇಕ್ಕಳ ತೆಗೆದು, ಡಬ್ಬಿಗೆ ಕನೆಕ್ಷನ್ ಕೊಟ್ಟೆ. ಡಬ್ಬಿಯಿಂದ ಗುಂಯ್ ಅಂತ ಸಣ್ಣ ಸಪ್ಪಳ ಹೊಂಟಿತು. ಜೀವಾ ಬಂತು ಅಂತ ಕುಣದಾಡಿದೆ. ನೀಲಾನ್ನ ಕರೆದು ಮುಂದ ಕುಂಡರಿಸಿಕೊಂಡು, ಎಲ್ಲಾಕಿಂತ ದಪ್ಪನ್ನ ತಂತಿಗೆ ಹೆಬ್ಬಟ್ಟಿಲೆ ಒಂದು ಏಟು ಕೊಟ್ಟೆ.

ಧೂಂ!

ಏನಂತ ಹೇಳಲಿ. ಅದು ಕಿವಿಗೆ ಬರಲಿಲ್ಲ, ನೆಲದಾಗಿಂದ ಕಾಲಿಗೆ ಬಂತು, ಕಾಲಿನಿಂದ ಎದಿಗೆ ಬಂತು. ಮಾಡದಾಗಿನ ಸ್ಟೀಲ್ ತಾಟು ಝಣ್ ಅಂದ್ವು. ಗ್ವಾಡಿ ಮ್ಯಾಲಿನ ಹಲ್ಲಿ ಕೈಬಿಟ್ಟು ಕೆಳಗ ಬಿತ್ತು. ಬಾಜೂ ಮನಿ ಬಸಪ್ಪ ಕಾಕಾ ಹೊರಗ ಬಂದು, ಕಲ್ಲಿನ ಖಣಿಯಾಗ ಮದ್ದು ಹಾರಿಸ್ಯಾರೇನು ಅಂತ ಓಣಿಯಾವ್ರನ್ನ ಕೇಳಾಕ ಹತ್ತಿದ. ನಾ ಹೆಬ್ಬಟ್ಟು ಮ್ಯಾಲೆತ್ತಿಕೊಂಡು ಹಂಗ ಕುಂತುಬಿಟ್ಟಿದ್ದೆ. ಇಷ್ಟು ಸಣ್ಣ ಕಟಗಿಯೊಳಗ ಇಷ್ಟು ದೊಡ್ಡ ದನಿ ಎಲ್ಲಿತ್ತು ಅಂತ ನನಗ ತಿಳೀಲಿಲ್ಲ. ಮೈಮ್ಯಾಲ ಮುಳ್ಳು ಎದ್ದಿದ್ವು.

ನೀಲಾ ಎದಿ ಮ್ಯಾಲ ಕೈಯಿಟ್ಟುಕೊಂಡು, ಇನ್ನೊಮ್ಮೆ ಹೊಡೀರಿ ಅಂದ್ಲು. ಹೊಡದೆ. ಆಕಿ ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಗಂಟಲದಾಗ ಹ್ಞೂಂ ಅಂತ ದನಿ ಹಚ್ಚಿದ್ಲು. ಆ ದನಿ ಹೋಗಿ ತಂತಿ ದನಿಯೊಳಗ ಕುಂತಿತು. ಎಷ್ಟು ಸರಳ ಕುಂತಿತು ಅಂದ್ರ ಯಾವುದು ತಂತೀದು, ಯಾವುದು ನೀಲಾಂದು ಗೊತ್ತಾಗವಲ್ದು. ಇಷ್ಟು ವರ್ಷದ ಸಂಸಾರದಾಗ ಆಕಿ ನನ್ನ ಮುಂದ ಸುಮ್ಮನಾಗದ ಹಾಡಿದ್ದು ಅದ ಮೊದಲು. ಬಾಯಿ ಮುಚ್ಚಿಕೊಂಡೇ ಇದ್ಲು ಖರೆ, ಆದ್ರ ಹಾಡಿದ್ಲು.

ಶಾಣ್ಯಾ ಆದಾಂವ ಅಲ್ಲಿಗೆ ಕೈ ತೊಳಕೋತಿದ್ದ. ನಾ ಗಿಟಾರಿನ ಗಂಟಲು ಕೆಟ್ಟೈತಿ ಅಂತ ನಿರ್ಧಾರ ಮಾಡಿದೆ. ಫೋಟೋದಾಗಿನ ಗಿಟಾರು ಹಿಂಗ ಗುಡಗತಿದ್ದಿಲ್ಲ. ತಡಿ, ಇದರ ದನಿ ಬಿದ್ದೈತಿ, ಏರಿಸಿ ಕೊಡತೇನಿ ಅಂದು ಕಿವಿ ಹಿಡದು ತಿರುವಾಕ ಸುರು ಮಾಡಿದೆ. ನೀಲಾ ಕಣ್ಣು ತೆರದ್ಲು.

"ಅದರ ದನಿನೂ ಏರಿಸ್ತೀರೇನ್ರಿ?"

ಆಕಿ ಕೇಳಿದ್ದು ನನ್ನ ಕಿವಿಗೆ ಬಿತ್ತು, ತಲಿಗೆ ಹೋಗಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು. ಗಿಟಾರಿನ ಕುತ್ತಿಗಿ ಬಿಲ್ಲಿನಂಗ ಬಾಗಿತು. ಮತ್ತೊಂದು ಅರ್ಧ ಸುತ್ತು ತಿರುವುದ್ರಾಗ ಫಟ್ ಅಂತ ತಂತಿ ಹರಿದು ನನ್ನ ಚಹಾ ಕಪ್ಪು ಒಡೀತು. ದಪ್ಪನ್ನ ತಂತೀನ ಹೋಗಿತ್ತು. ನೀಲಾ ಬೈಲಿಲ್ಲ. ಕಪ್ಪಿನ ಚೂರು ಆರಿಸಿಕೋತ, ಏರಲಾರದ್ದನ್ನ ಏರಿಸಾಕ ಹೋದ್ರ ಹಿಂಗ ಆಗತೈತಿ ಅಂತ ಸಣ್ಣಗ ಅಂದು ಒಳಗ ಹೋದ್ಲು. ಆಗ ನನ್ನ ತಲಿಗೆ ಹೋತು.

ಸಿಟ್ಟು ಯಾರ ಮ್ಯಾಲರ ತೀರಿಸಬೇಕಲ್ಲ? ಸಿಂದಗಿಯಾಂವಗ ಫೋನ್ ಹಚ್ಚಿ ಜಗಳಾ ತೆಗದೆ. ಎರಡು ತಂತಿ ಕಮ್ಮಿ ಇದ್ದ, ಶಾರ್ಟ್ ಆದ, ದನಿ ಬಿದ್ದ ಮಾಲು ಕೊಟ್ಟು ಬೇಸ್ ಐತಿ ಅಂದ್ಯಲ್ಲೋ ಅಂದೆ. ಆಂವ ಎಲ್ಲಾ ಕೇಳಿಸಿಕೊಂಡ. ಆಮ್ಯಾಲ ಅಂದ:

"ಬೇಸ್ ಅಂದ್ರ ಚಲೋ ಅಂತಲ್ರಿ ಸರ್. ಅದು ತಳದ ದನೀದು ಗಿಟಾರ್. ಹುಟ್ಟಾ ನಾಕ ತಂತಿ ಅದಕ್ಕ. ಉಳಿದ ವಾದ್ಯ ಎಲ್ಲಾ ಅದರ ಮ್ಯಾಲ ನಿಂದ್ರತಾವು. ಶಾರ್ಟ್ ಅಂದ್ರ ಅದರ ಕುತ್ತಿಗಿ ಗಿಡ್ಡ ಅಂತ, ಅಷ್ಟ. ನೀವು ಅದಕ್ಕ ಏನರ ಮಾಡೀರೇನ್ರಿ?"

ಏನೂ ಮಾಡಿಲ್ಲ ಅಂದೆ. ಆಂವ ನಂಬಲಿಲ್ಲ ಅಂತ ಕಾಣತೈತಿ. ಒಂದ ತಂತಿನ ಹಾಡಾವ್ರ ಶ್ರುತಿಗೆ ಹೊಂದಿಸಿ ಸುಮ್ಮನ ಹೊಡಕೋತ ಕುಂಡರ್‍ರಿ, ಮತ್ತೇನೂ ಮಾಡಬ್ಯಾಡ್ರಿ, ಕೈ ಮುಗಿತೇನಿ ಅಂದ.

ಫೋನ್ ಇಟ್ಟು ನೀಲಾಗ ಹೇಳಿದೆ. ತಳದ ದನಿ ಅಂತ, ಅದರ ಮ್ಯಾಲ ಉಳಿದದ್ದೆಲ್ಲಾ ನಿಂದ್ರತಾವಂತ ಅಂದೆ. ಆಕಿ ಹಿಟ್ಟಿನ ಕೈ ಒರಸಿಕೊಂಡು ಬಂದು ಗಿಟಾರಿನ ಬಾಜೂಕ ಕುಂತ್ಲು. ಹಂಗಂದ್ರ ಇದು ಕೆಟ್ಟಿಲ್ಲ ಅಂದ್ಲು. ಕೆಟ್ಟಿಲ್ಲ ಅಂದೆ. ಇದು ಇರೋದ ಹಿಂಗ ಅಂದ್ಲು. ಇರೋದ ಹಿಂಗ ಅಂದೆ. ಆಕಿ ಅದರ ಮೈಮ್ಯಾಲ ಕೈ ಆಡಿಸಿದ್ಲು.

ಸುಧಾರಣೆ ಎಲ್ಲಾ ವಾಪಸ್ ತಗೊಂಡೆ. ಕೊಂಬಿನ ತಂತಿ ತೆಗದೆ. ಹರದ ತಂತಿಗೆ, ದನದ ಗಾಯಕ್ಕ ಹೊಲಿಗಿ ಹಾಕುವಾಗ ಹಾಕೋ ಗಂಟು ಹಾಕಿ ಕೂಡಿಸಿದೆ. ಗಂಟು ತುದೀಗಿತ್ತು, ನಡೀತು. ತಲಿಯಾಗಿನ ಎರಡು ತೂತಿಗೆ ನೀಲಾ ಎರಡು ಚೆಂಡ ಹೂವು ಸಿಗಿಸಿದ್ಲು. ಕತ್ತರಿಸಿದ ವೈರ್ ಮಾತ್ರ ಎಲ್ಲಿಂದ ಕತ್ತರಿಸಿದೆ ಅನ್ನೋದು ನನಗ ನೆನಪಾಗಲಿಲ್ಲ. ಟೇಪಿನ ಗಂಟಿನಾಗ ಹುಡುಕಿ ಸಾಕಾಗಿ ಬಿಟ್ಟೆ. ಆ ವೈರ್ ಇಲ್ಲದ್ದಕ್ಕ ಬರೋ ಗುಂಯ್ ಅನ್ನೋದು ಸಣ್ಣ ಸಪ್ಪಳ, ಯಾರಿಗೆ ಕೇಳಸತೈತಿ!

ಆಮ್ಯಾಲ ದಿನಾ ಸಂಜಿಗೆ ಆಕಿ ಹಾಡಾಕಿ, ನಾ ಧೂಂ ಅನ್ನಿಸಾಂವ. ಆಕಿ ಹೆದರಿಕಿ ಕಮ್ಮಿ ಆತು. ಆದ್ರ ಹೋಗೋ ಹಿಂದಿನ ದಿನ, ನೀವು ಬಾರಿಸೋದು ನಿಲ್ಲಿಸಬ್ಯಾಡ್ರಿ, ಅದು ನಿಂತ್ರ ನನ್ನ ದನಿನೂ ನಿಂದ್ರತೈತಿ ಅಂತ ಕೈ ಹಿಡದು ಹೇಳಿದ್ಲು. ಪ್ರಾಣ ಹೋದ್ರೂ ನಿಲ್ಲಿಸಂಗಿಲ್ಲ ಅಂತ ಮಾತು ಕೊಟ್ಟೆ.

ತಂಗಡಗಿಯಾಗ ಹೊಳಿ ದಂಡಿ ಮಟಾ ತುಂಬಿತ್ತು. ಗುಡಿ ಮುಂದಿನ ಅರಳಿ ಗಿಡದಾಗ ದೊಡ್ಡ ದೊಡ್ಡ ಹೆಜ್ಜೇನು ಕಟ್ಟಿದ್ವು. ಮಂದಿ ಕೆಳಗ ಓಡಾಡುವಾಗ ಒಂದು ಕಣ್ಣು ಮ್ಯಾಲ ಇಟಗೊಂಡ ಓಡಾಡತಿದ್ರು. ಮಂಟಪದಾಗ ಹೆಣ್ಮಕ್ಕಳು ಕಿಕ್ಕಿರಿದು ಕುಂತಿದ್ರು. ಎಲ್ಲಾ ಮ್ಯಾಳದವ್ರೂ ಕಳಸ ಮುಟ್ಟೋ ಶ್ರುತಿಯೊಳಗ ಹಾಡಿ ಇಳದ್ರು. ಹಿಂದ ಕುಂತ ವಯಸ್ಸಾದಾವ್ರು ಬರೇ ಚಪ್ಪಾಳಿ ಹಾಕತಿದ್ರು. ನಮ್ಮ ಪಾಳಿ ಬಂತು. ನೀಲಾ ಮೈಕಿನ ಮುಂದ ಕುಂತ್ಲು, ನಮ್ಮ ಓಣಿಯಾವ್ರು ಹಿಂದ ಕುಂತ್ರು. ಮನಿ ಡಬ್ಬಿ ಇಷ್ಟು ಮಂದಿಗೆ ಸಾಲೂದಿಲ್ಲ ಅಂತ ನಾ ಗಿಟಾರಿನ ವೈರನ್ನ ಸೀದಾ ಅಲ್ಲಿಯ ಧ್ವನಿವರ್ಧಕಕ್ಕ ಕೊಡಿಸಿ, ಅದನ್ನ ನಡಸಾಂವಗ ಫುಲ್ ಬಿಡಪಾ ಅಂದೆ. ಆಂವ ಬಿಟ್ಟ.

ಗುಂಯ್ಯ್ಯ್ಯ್!

ಮನಿಯಾಗ ಸಣ್ಣದಿದ್ದ ಸಪ್ಪಳ ಗಿಡದ ಮ್ಯಾಲ ಕಟ್ಟಿದ ಗಂಟಿ ಸ್ಪೀಕರಿನೊಳಗಿಂದ, ನೆಟ್ಟಗ ಜೇನಿನ ಬಾಜೂಕಿಂದ ಬಂತು. ಯಾರೋ ಒಬ್ಬಾಕಿ, "ಹುಳಾ ಎದ್ದಾವು!" ಅಂದ್ಲು. ಅಷ್ಟ ಸಾಕಾತು. ಸೆರಗು ತಲಿ ಮ್ಯಾಲ ಹೊದ್ದುಕೊಂಡು, ಕೂಸು ಬಗಲಾಗ ಹಾಕ್ಕೊಂಡು, ಇಡೀ ಮಂಟಪ ಎದ್ದು ಗುಡಿ ಒಳಗ ನುಗ್ಗಿತು. ಗಂಡಸರು ಚಾಪಿ ಹೊದ್ದುಕೊಂಡು ಮಲಗಿದ್ರು. ಪೂಜಾರಿ ಒಳಗಿಂದ ಬಾಗಲಾ ಹಾಕಾಕ ಹತ್ತಿದ. ನಿಜವಾದ ಜೇನು ಮಾತ್ರ, ಇದೇನು ಗದ್ದಲಾ ಅಂತ ಸುಮ್ಮನ ಕುಂತು ನೋಡಾಕತ್ತಿದ್ವು. ನಾನು ಮಾತಿಗೆ ತಪ್ಪಬಾರದಂತ ಆ ಗದ್ದಲದಾಗೂ ಧೂಂ ಧೂಂ ಅನ್ನಿಸಾಕ ಹತ್ತಿದ್ದೆ. ಧ್ವನಿವರ್ಧಕದಾಂವ ಚಾಪಿ ಒಳಗಿಂದ ಕೈ ಚಾಚಿ ನನ್ನ ವೈರ್ ಕಿತ್ತು ಒಗದು, ಮೈಕೂ ಬಂದ್ ಮಾಡಿದ.

ಎಲ್ಲಾ ಗಪ್ ಆತು. ಒಬ್ಬೊಬ್ರಾಗಿ ಮ್ಯಾಲ ಜೇನಿನ ಕಡೆ ನೋಡಿ, ನನ್ನ ಕಡೆ ನೋಡಿ, ಹೊರಗ ಬಂದು ಕುಂತ್ರು. ಆ ನೋಟ ಇವತ್ತಿಗೂ ನೆನಪೈತಿ. ನೀಲಾ ಮಾತ್ರ ಎದ್ದಿರಲಿಲ್ಲ, ಕುಂತಲ್ಲೇ ಇದ್ಲು, ಮಾರಿ ಬೆಳ್ಳಗಾಗಿತ್ತು. ಮುಗೀತು, ಇನ್ನ ಈಕಿ ಎಂದೂ ಬಾಯಿ ತೆಗಿಯೂದಿಲ್ಲ, ನಾನ ಮುಚ್ಚಿಸಿದೆ ಅಂತ ಅನ್ನಿಸಿತು. ಏಳೋಣೇನು ಅಂತ ಕಣ್ಣಿಲೆ ಕೇಳಿದೆ. ಆಕಿ ನನ್ನ ನೋಡಿದ್ಲು, ಗಿಟಾರ್ ನೋಡಿದ್ಲು, ಬ್ಯಾಡ ಅಂತ ತಲಿ ಅಲ್ಲಾಡಿಸಿದ್ಲು.

ಹಾಡಾಕ ಹತ್ತಿದ್ಲು.

ತನ್ನ ದನಿಯೊಳಗ, ತಳದಾಗಿಂದ. ಪದದ ಮೊದಲನೇ ಸಾಲಿಗೆ ಚಾಪಿ ಒಳಗಿದ್ದ ಗಂಡಸರು ಎದ್ದು ಕುಂತ್ರು. ಎರಡನೇ ಸಾಲಿಗೆ ಒಂದು ವಿಚಿತ್ರ ನಡೀತು. ಹಿಂದ ಕುಂತಿದ್ದ ಒಬ್ಬ ಮುದುಕಿ ಚಪ್ಪಾಳಿ ಬಿಟ್ಟು ಹಾಡಾಕ ಹತ್ತಿದ್ಲು. ಆಕಿ ಬಾಜೂಕಿನಾಕಿ ಹತ್ತಿದ್ಲು. ಆಮ್ಯಾಲ ಹಿಂದಿನ ಸಾಲಿನ ಎಲ್ಲಾ ವಯಸ್ಸಾದ ಹೆಣ್ಮಕ್ಕಳು! ವರ್ಷಾನುಗಟ್ಟಲೆ ಏರಾಕ ಆಗಲಾರದ ತುಟಿ ಅಲ್ಲಾಡಿಸಿಕೋತ ಕುಂತಾವ್ರು, ಈ ದನಿ ತಮ್ಮ ಅಳತಿಗೇ ಐತಿ ಅಂತ ಬಾಯಿ ತೆಗದಿದ್ರು. ದಪ್ಪ ದನಿ, ಒಡದ ದನಿ, ಹಲ್ಲಿಲ್ಲದ ದನಿ ಎಲ್ಲಾ ಕೂಡಿ ಮಂಟಪದ ಕಂಬ ಗುಡಗಾಕ ಹತ್ತಿದ್ವು. ಕುಂತ ಕಲ್ಲಿನಾಗಿಂದ ಎದಿಗೆ ಬರತಿತ್ತು. ಕರೆಂಟು ಇಲ್ಲ, ಡಬ್ಬಿ ಇಲ್ಲ. ನಾ ದಂಗಾಗಿ ಹೋದೆ. ಇಂಥಾದ್ದನ್ನ ಬಾಜೂಕಿಟ್ಟುಕೊಂಡು ಸಿಂದಗಿಗೆ ಹೋಗಿದ್ದೆನಲ್ಲಪಾ ಅಂತ ಅನ್ನಿಸಿತು.

ಆದ್ರೂ ಮಾತು ಮಾತ. ವೈರಿಲ್ಲದ ಗಿಟಾರನ್ನ ತೊಡಿ ಮ್ಯಾಲಿಟ್ಟುಕೊಂಡು, ಕಣ್ಣು ಮುಚ್ಚಿ, ತಲಿ ತೂಗಿಕೋತ, ಪದಾ ಮುಗಿಯೋತನಾ ಒಂದ ತಂತಿ ಹೊಡದೆ ಹೊಡದೆ. ನನಗೂ ಕೇಳಸಲಿಲ್ಲ.

ಮುಗದ ಮ್ಯಾಲ ಮಂದಿ ನೀಲಾನ್ನ ಸುತ್ತಗಟ್ಟಿದ್ರು. ಮೊದಲ ಹಾಡಾಕ ಹತ್ತಿದ ಆ ಮುದುಕಿ ನೀಲಾನ ಗದ್ದಾ ಹಿಡದು ದೃಷ್ಟಿ ತೆಗದ್ಲು. ಆಮ್ಯಾಲ ಕೋಲೂರಿಕೋತ ನನ್ನ ಕಡೆ ಬಂದ್ಲು. ನಾ ಗಿಟಾರ್ ಬಾಜೂಕಿಟ್ಟು, ಕಲಾವಿದರು ನಿಂದ್ರೋ ಹಂಗ ಕೈಕಟ್ಟಿ ನಿಂತೆ. ಆಕಿ ನನ್ನ ತಲಿ ಮ್ಯಾಲ ಕೈಯಿಟ್ಟು ಅಂದ್ಲು:

"ನಿನ್ನಂಥಾ ಗಂಡ ಸಿಗಾಕ ಪುಣ್ಯಾ ಮಾಡಿರಬೇಕು ತಮ್ಮಾ. ಹೆಂಡ್ತಿ ಹಾಡು ಮುಗಿಯೋತನಾ ಒಂದೀಟೂ ಸಪ್ಪಳ ಮಾಡಲಿಲ್ಲ ನೋಡು."